ಅಂಗಡಿಯಲ್ಲಿ ಬಾಯಿಗೆ ಬರುವ ಹೆಸರು: ಸಣ್ಣ ಬ್ರ್ಯಾಂಡಿಗೂ ಕೆಲಸ ಹುಡುಕುವವರಿಗೂ ಮನೋವಿಜ್ಞಾನದ ಪಾಠ

ಸಂಜೆ ಹೊತ್ತು ಯಾವುದಾದರೂ ಕಿರಾಣಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ಕಿವಿಗೊಡಿ. “ಆ ಹಸಿರು ಪ್ಯಾಕೆಟ್ ಇದ್ಯಲ್ಲಾ, ಅದು ಕಾಲು ಕೆಜಿ ಕೊಡಿ.” “ಹೋದ್ ಸಲ ಕೊಟ್ಟಿದ್ರಲ್ಲ ಅಣ್ಣಾ, ಅದೇ ಕಾಫಿಪುಡಿ.” “ಯಾವುದಾದ್ರೂ ಒಳ್ಳೇದು ಕೊಡಿ.” ಮೂರು ಮಾತಿನಲ್ಲೂ ಬ್ರ್ಯಾಂಡಿನ ಹೆಸರಿಲ್ಲ. ಮೊದಲ ಗಿರಾಕಿಗೆ ಬಣ್ಣ ಮಾತ್ರ ನೆನಪಿದೆ. ಎರಡನೆಯವರ ಪರವಾಗಿ ಅಂಗಡಿಯವರೇ ನೆನಪಿಟ್ಟುಕೊಂಡಿದ್ದಾರೆ. ಮೂರನೆಯವರಿಗೆ ಅಂಗಡಿಯವರು ತಮಗೆ ಹೆಚ್ಚು ಲಾಭ ಉಳಿಯುವ ಪ್ಯಾಕೆಟ್ ತೆಗೆದುಕೊಟ್ಟರೂ ನಡೆಯುತ್ತದೆ.

ಮನೋವಿಜ್ಞಾನದಲ್ಲಿ ನೆನಪನ್ನು ಎರಡು ಬಗೆಯಲ್ಲಿ ಪರೀಕ್ಷಿಸುತ್ತಾರೆ. ಎದುರಿಗೆ ಏನೂ ಇಲ್ಲದಾಗ ನೆನೆದು ಹೇಳುವುದು ಒಂದು, ಎದುರಿಗಿಟ್ಟಾಗ ಕಂಡು ಗುರುತಿಸುವುದು ಇನ್ನೊಂದು. ಗುರುತಿಸುವುದು ಸುಲಭ, ನೆನೆದು ಹೇಳುವುದು ಕಷ್ಟ. ಸೂಪರ್ ಮಾರ್ಕೆಟ್ಟಿನಲ್ಲಿ, ಮೊಬೈಲ್ ಆ್ಯಪಿನಲ್ಲಿ ಗುರುತಿಸಿದರೆ ಸಾಕು. ಕಿರಾಣಿ ಅಂಗಡಿಯಲ್ಲಿ ಸಾಮಾನೆಲ್ಲ ಕೌಂಟರಿನ ಹಿಂದಿರುತ್ತದೆ. ಗಿರಾಕಿ ಬಾಯಿಬಿಟ್ಟು ಕೇಳಬೇಕು. ನಿಮ್ಮ ಸರಕು ಎಲ್ಲಿ ಮಾರಾಟವಾಗುತ್ತದೋ ಅದರ ಮೇಲೆ ನೀವು ಯಾವ ಬಗೆಯ ನೆನಪನ್ನು ಕಟ್ಟಬೇಕು ಎನ್ನುವುದು ತೀರ್ಮಾನವಾಗುತ್ತದೆ. ಲೋಗೋ, ಜಾಹೀರಾತು, ಬೆಲೆ ಎಲ್ಲವೂ ಆಮೇಲಿನ ಮಾತು. ಎಷ್ಟೋ ಸಣ್ಣ ಉದ್ಯಮಗಳು ಕಿರಾಣಿಗೆ ಮಾರುತ್ತಾ, ಸೂಪರ್ ಮಾರ್ಕೆಟ್ಟಿಗೆ ಹೊಂದುವ ಪ್ಯಾಕೆಟ್ಟಿಗೆ ದುಡ್ಡು ಸುರಿಯುತ್ತವೆ.

ಇಲ್ಲಿ ಫಿಲ್ಟರ್ ಕಾಫಿಪುಡಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ: ಚಿಕ್ಕಮಗಳೂರು, ಹಾಸನ, ಕೊಡಗಿನ ಕಡೆ ಬೀಜ ಕೊಂಡು, ಹುರಿದು, ಪುಡಿ ಮಾಡಿ, ಪ್ಯಾಕೆಟ್ ಮಾಡಿ ಮಾರುವ ಸಣ್ಣ ಘಟಕ. ಚಟ್ನಿಪುಡಿ, ಊದುಬತ್ತಿ, ಗಾಣದ ಎಣ್ಣೆಗೂ ಇದೇ ವಿಧಾನ ಹೊಂದುತ್ತದೆ. ಮನೋವಿಜ್ಞಾನ ಓದಿ ಬ್ರ್ಯಾಂಡ್ ಕ್ಷೇತ್ರದಲ್ಲಿ ಕೆಲಸ ಹುಡುಕುವವರು ಕೊನೆಯ ಭಾಗಕ್ಕೆ ನೇರವಾಗಿ ಹೋಗಬೇಡಿ. ಅಲ್ಲಿ ಹೇಳುವ ಕೆಲಸವೆಲ್ಲ ಈ ಹಂತಗಳ ಮೇಲೆಯೇ ನಿಂತಿದೆ.

ಬ್ರ್ಯಾಂಡ್ ಮಿದುಳಿನಲ್ಲಿ ಎಲ್ಲಿರುತ್ತದೆ

2004ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಜನರನ್ನು, ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಕೋಕ್ ಮತ್ತು ಪೆಪ್ಸಿ ಕುಡಿಸಿದರು. ಯಾವುದು ಯಾವುದೆಂದು ಹೇಳದೆ ಕುಡಿಸಿದಾಗ, ಹಣೆಯ ಹಿಂದಿನ ಮಿದುಳಿನ ಕೆಳ-ಮಧ್ಯ ಭಾಗದ ಚಟುವಟಿಕೆ ಅವರವರ ರುಚಿಯ ಆಯ್ಕೆಗೆ ತಾಳೆಯಾಯಿತು. ಕೋಕ್ ಎಂದು ತೋರಿಸಿ ಕುಡಿಸಿದಾಗ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಕೂಡ ಕೆಲಸಕ್ಕಿಳಿಯಿತು, ಅದರ ಜೊತೆ ಹಣೆಯ ಹಿಂದಿನ ಮೇಲ್ಬದಿಯ ಭಾಗವೂ. ಪೆಪ್ಸಿ ಹೆಸರು ತೋರಿಸಿದಾಗ ಅಂಥ ಬದಲಾವಣೆ ಕಾಣಲಿಲ್ಲ. ಅಂದರೆ ಲೋಟದಲ್ಲಿರುವ ಪಾನೀಯದ ಜೊತೆಗೆ, ಅದರ ಬಗ್ಗೆ ಕೂಡಿಟ್ಟ ನೆನಪನ್ನೂ ನಾವು ಕುಡಿಯುತ್ತೇವೆ.

ಇಷ್ಟು ತಿಳಿದರೆ ನಿಮ್ಮ ಕೆಲಸಕ್ಕೆ ಸಾಕು. ಆ ನೆನಪನ್ನು ಅಳೆಯಲು ಯಂತ್ರ ಬೇಕಿಲ್ಲ, ಒಂದು ನೋಟ್‌ಬುಕ್ಕು ಮತ್ತು ಎರಡು ಭಾನುವಾರ ಸಾಕು.

ಹಂತ 1: ಈಗ ಯಾರ ನೆನಪಿನಲ್ಲಿ ಏನಿದೆ, ಎಣಿಸಿ

ಊರಿನಲ್ಲಿ ಕಾಫಿ ಕುಡಿಯುವ ಮನೆಗಳಿಂದ ಕನಿಷ್ಠ 30 ಜನರನ್ನು ಆರಿಸಿ; 100 ಆದರೆ ಒಳ್ಳೆಯದು. ನಿಮ್ಮ ಅಂಗಡಿಗೆ ಬಂದವರನ್ನೇ ಕೇಳಬೇಡಿ. ನಿಮ್ಮ ಬೋರ್ಡಿನ ಕೆಳಗೆ ನಿಂತವರಿಗೆ ನಿಮ್ಮ ಹೆಸರು ನೆನಪಾಗದೆ ಇರುತ್ತದೆಯೇ? ಬಸ್‌ಸ್ಟ್ಯಾಂಡು, ಸಂತೆ, ದೇವಸ್ಥಾನದ ಅಂಗಳ, ಅಪಾರ್ಟ್‌ಮೆಂಟಿನ ಗೇಟು ಉತ್ತಮ ಜಾಗಗಳು. ಕೇಳುವವರು ಯಾವ ಬ್ರ್ಯಾಂಡಿನವರು ಎಂದು ಮೊದಲೇ ಗೊತ್ತಾಗಬಾರದು.

ಪ್ರಶ್ನೆಗಳ ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತದೆ. ಆದ್ದರಿಂದ ಹೀಗೆಯೇ ಕೇಳಿ:

ಮೊದಲು, “ಹೋದ ಸಲ ಮನೇಲಿ ಕಾಫಿಪುಡಿ ಮುಗಿದಾಗ ಏನಂತ ಕೇಳಿ ತಗೊಂಡ್ರಿ?” ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. “ಹಸಿರು ಪ್ಯಾಕೆಟ್” ಎಂದರೆ ಹಸಿರು ಪ್ಯಾಕೆಟ್ ಎಂದೇ ಬರೆಯಿರಿ, ಬ್ರ್ಯಾಂಡಿನ ಹೆಸರಿಗೆ ತಿದ್ದಬೇಡಿ.

ಆಮೇಲೆ, “ಕಾಫಿಪುಡಿ ಅಂದ ತಕ್ಷಣ ಯಾವ್ಯಾವ ಹೆಸರು ನೆನಪಿಗೆ ಬರುತ್ತೆ?” ಬಂದ ಕ್ರಮದಲ್ಲೇ ಬರೆಯಿರಿ. ಹೆಚ್ಚಿನವರು ಮೂರ್ನಾಲ್ಕು ಹೆಸರಿಗೆ ನಿಲ್ಲುತ್ತಾರೆ. ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿದಿಡಬಹುದಾದ ಸಂಗತಿಗಳು ಸುಮಾರು ನಾಲ್ಕು ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದ್ದರು. ನಿಮ್ಮ ಹೆಸರು ಐದನೆಯದಾಗಿ, ತಲೆ ಕೆರೆದುಕೊಂಡ ಮೇಲೆ ಬಂದರೆ ಅಂಗಡಿಯ ಮುಂದೆ ಅದು ಬಾಯಿಗೆ ಬರುವ ಸಂಭವ ಕಡಿಮೆ.

ಕೊನೆಗೆ ಮಾತ್ರ ಎಂಟು ಹೆಸರಿನ ಪಟ್ಟಿ ತೋರಿಸಿ, ಯಾವುದು ಗೊತ್ತು ಎಂದು ಕೇಳಿ. ಪಟ್ಟಿಯಲ್ಲಿ ಮಾರುಕಟ್ಟೆಯಲ್ಲೇ ಇಲ್ಲದ ಒಂದು ಹೆಸರನ್ನೂ ಸೇರಿಸಿ. 30 ಜನರಲ್ಲಿ ಐದಾರು ಮಂದಿ ಅದನ್ನೂ “ಗೊತ್ತು” ಎಂದರೆ, ಅಷ್ಟು ಪಾಲು ಉತ್ತರ ಸೌಜನ್ಯಕ್ಕೆ ಬಂದದ್ದು ಎಂದು ತಿಳಿದು ಉಳಿದ ಅಂಕಿಗಳನ್ನೂ ಅದೇ ಎಚ್ಚರದಿಂದ ಓದಿ.

“ನಮ್ಮ ಪುಡಿ ಇಷ್ಟ ಆಯ್ತಾ?” ಎಂದು ಎಂದೂ ಕೇಳಬೇಡಿ. ನಮ್ಮ ಜನ ಮುಖ ನೋಡಿ ಇಲ್ಲ ಎನ್ನುವುದಿಲ್ಲ.

ಲೆಕ್ಕದ ಒಂದು ಮಾತು. 30ರಲ್ಲಿ 12 ಮಂದಿ ನಿಮ್ಮ ಹೆಸರು ಹೇಳಿದರೆ ಅದು ಶೇ 40. ಆದರೆ ಇಷ್ಟು ಸಣ್ಣ ಗುಂಪಿನಲ್ಲಿ ನಿಜವಾದ ಅಂಕಿ ಶೇ 22ರಿಂದ ಶೇ 58ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 100 ಜನರನ್ನು ಕೇಳಿದರೆ ಆ ಅಂತರ ಕಿರಿದಾಗಿ, ಸುಮಾರು ಶೇ 30 ಮತ್ತು ಶೇ 50ರ ನಡುವೆ ನಿಲ್ಲುತ್ತದೆ. ಮೂರು ತಿಂಗಳ ನಂತರ 30 ಜನರನ್ನು ಕೇಳಿ ಶೇ 47 ಬಂದರೆ “ಬೆಳೆದಿದ್ದೇವೆ” ಎಂದು ಹಿಗ್ಗಲು ಕಾರಣವಿಲ್ಲ.

ಹಂತ 2: ಯಾವ ಹೊತ್ತಿಗೆ ನೆನಪಾಗಬೇಕು

ನೆನಪು ತಾನಾಗಿ ಮೇಲೆ ಬರುವುದಿಲ್ಲ, ಯಾವುದೋ ಸುಳಿವು ಅದನ್ನು ಎಳೆಯುತ್ತದೆ. ಕಾಫಿಯ ಸುಳಿವುಗಳನ್ನು ಪಟ್ಟಿ ಮಾಡಿ: ಬೆಳಗಿನ ಮೊದಲ ಲೋಟ, ಹೇಳದೆ ಬಂದ ನೆಂಟರು, ಮಳೆಗಾಲದ ಸಂಜೆ, ಹಬ್ಬದ ಅಡುಗೆಯ ನಡುವಿನ ವಿರಾಮ, ಪರಊರಿನಲ್ಲಿರುವ ಮಗಳಿಗೆ ಕಟ್ಟಿಕೊಡುವ ಗಂಟು. ಹತ್ತು ಬರೆದು ಎರಡನ್ನು ಮಾತ್ರ ಆರಿಸಿ. ದೊಡ್ಡ ಕಂಪನಿಗಳು ಬೆಳಗಿನ ಲೋಟವನ್ನು ಆಗಲೇ ಹಿಡಿದು ಕೂತಿರುತ್ತವೆ. ಪರಊರಿಗೆ ಕಟ್ಟುವ ಗಂಟು ಸಣ್ಣ ಘಟಕಕ್ಕೆ ದಕ್ಕುವಂಥದ್ದು. ಆರಿಸಿದ ಮೇಲೆ ಪ್ಯಾಕೆಟ್ಟಿನ ಬೆನ್ನು, ವಾಟ್ಸ್‌ಆ್ಯಪ್ ಸಂದೇಶ, ಅಂಗಡಿಯ ಬೋರ್ಡು, ಎಲ್ಲ ಕಡೆ ಆ ಎರಡೇ ಸಂದರ್ಭ ಬರಲಿ.

ಹಂತ 3: ಹೆಸರು, ಬಣ್ಣ, ಆಕಾರ

ಕಿರಾಣಿಗೆ ಮಾರುವವರು ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿ.

ಹೆಸರು ಬಾಯಿಗೆ ಸಲೀಸಾಗಿರಬೇಕು. ಎರಡು ಅಥವಾ ಮೂರು ಅಕ್ಷರ ಒಳ್ಳೆಯದು. ಐದು ವರ್ಷದ ಮಗುವಿನಿಂದಲೂ ಎಂಬತ್ತು ವರ್ಷದ ಅಜ್ಜಿಯಿಂದಲೂ ಒಂದು ಸಲ ಹೇಳಿಸಿ ನೋಡಿ. ಇಬ್ಬರಲ್ಲಿ ಒಬ್ಬರು ತಡವರಿಸಿದರೂ ಗಿರಾಕಿ ಅಂಗಡಿಯಲ್ಲಿ ಹೆಸರು ಹೇಳಲು ಹಿಂಜರಿದು “ಆ ಪ್ಯಾಕೆಟ್ಟು” ಎನ್ನುತ್ತಾನೆ. ಓದಲು, ಹೇಳಲು ಸಲೀಸಾದದ್ದು ಪರಿಚಿತವೂ ನಂಬಿಕೆಯದೂ ಎನಿಸುತ್ತದೆ ಎಂಬುದಕ್ಕೆ ಮನೋವಿಜ್ಞಾನದಲ್ಲಿ ಸಾಕಷ್ಟು ಆಧಾರವಿದೆ.

ಕನ್ನಡದಲ್ಲಿ ಅಚ್ಚು ಹಾಕಿಸುವಾಗ ಒತ್ತಕ್ಷರದ ಕಡೆ ಗಮನವಿರಲಿ. ‘ಸ್ವಾದಿಷ್ಟ’ ಎಂಬ ಪದವನ್ನು 100 ಗ್ರಾಂ ಪೌಚಿನ ಮೇಲೆ ಅಚ್ಚು ಹಾಕಿಸಿ ನೋಡಿ: ಕೆಳಗಿನ ವ-ಒತ್ತು, ಟ-ಒತ್ತುಗಳ ಒಳಗಿನ ಬಿಳಿ ಜಾಗಕ್ಕೆ ಶಾಯಿ ತುಂಬಿಕೊಂಡು, ಎರಡು ಮೀಟರ್ ದೂರದಿಂದ ಎರಡು ಕಪ್ಪು ಚುಕ್ಕೆಗಳಂತೆ ಕಾಣುತ್ತವೆ. ‘ಘಮ’ ಎಂಬ ಪದಕ್ಕೆ ಈ ತೊಂದರೆಯಿಲ್ಲ. ಒತ್ತಕ್ಷರ ಬೇಕೇ ಬೇಕೆಂದರೆ 200 ಗ್ರಾಂ ಪ್ಯಾಕೆಟ್ಟಿನಲ್ಲಿ ಮೇಲಿನ ಅಕ್ಷರದ ಎತ್ತರ 12 ಮಿ.ಮೀ.ಗಿಂತ ಕಡಿಮೆಯಾಗದಿರಲಿ, ಒತ್ತನ್ನು ಹಿಗ್ಗಿಸಿ ಬರೆಯುವ ಅಕ್ಷರಶೈಲಿ ಆರಿಸಿ. ಡಿಸೈನರ್ ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ ತೋರಿಸಿದ್ದನ್ನು ನೋಡಿ ಒಪ್ಪಿಗೆ ಕೊಡಬೇಡಿ. ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿ, ಪ್ಯಾಕೆಟ್ಟಿಗೆ ಅಂಟಿಸಿ, ಅಂಗಡಿಯ ಕಪಾಟಿನಲ್ಲಿಟ್ಟು, ಟ್ಯೂಬ್‌ಲೈಟ್ ಬೆಳಕಿನಲ್ಲಿ ಕೌಂಟರಿನ ಈಚೆ ನಿಂತು ಓದಿ.

ಊರಿನ ಹೆಸರನ್ನೇ ಬ್ರ್ಯಾಂಡ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಲೆನಾಡು, ಕೂರ್ಗ್ ಎಂದು ಶುರುವಾಗುವ ಹತ್ತು ಹೆಸರು ಒಂದೇ ಕಪಾಟಿನಲ್ಲಿದ್ದರೆ ನೆನಪಿನಲ್ಲಿ ಅವು ಒಂದರೊಳಗೊಂದು ಕಲಸಿಹೋಗುತ್ತವೆ. ನಿಮ್ಮ ಜಾಹೀರಾತಿನ ಫಲ ಪಕ್ಕದವರಿಗೂ ಹಂಚಿಹೋಗುತ್ತದೆ. ಕಾನೂನಿನ ತೊಡಕೂ ಇದೆ. ಸರಕಿನ ಗುಣವನ್ನೋ ಹುಟ್ಟಿದ ಜಾಗವನ್ನೋ ಮಾತ್ರ ಹೇಳುವ ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ಮೇಲಾಗಿ ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲೇ ಭೌಗೋಳಿಕ ಸೂಚಕದ (ಆ ಪ್ರದೇಶದ ಸರಕಿಗೆ ಮಾತ್ರ ಆ ಹೆಸರು ಎಂಬ ಕಾನೂನು ರಕ್ಷಣೆ) ಮಾನ್ಯತೆ ಬಂದಿದೆ. ಕಾಫಿ, ಮಸಾಲೆಗಳು ಟ್ರೇಡ್‌ಮಾರ್ಕಿನ 30ನೇ ವರ್ಗಕ್ಕೆ ಸೇರುತ್ತವೆ, ನೋಂದಣಿ ಹತ್ತು ವರ್ಷ ಇರುತ್ತದೆ. ಪೌಚು ಅಚ್ಚಿಗೆ ಕಳಿಸುವ ಮೊದಲೇ ಸರ್ಕಾರಿ ಜಾಲತಾಣದಲ್ಲಿ ಹೆಸರು ಹುಡುಕಿ, ಅರ್ಜಿ ಹಾಕಿ.

ಬಣ್ಣ, ಆಕಾರಕ್ಕೆ ಬಂದರೆ, 1933ರಲ್ಲಿ ಮನೋವಿಜ್ಞಾನಿ ಹೆಡ್ವಿಗ್ ಫಾನ್ ರೆಸ್ಟಾರ್ಫ್ ತೋರಿಸಿದ್ದು ಇಂದಿಗೂ ಕೆಲಸಕ್ಕೆ ಬರುತ್ತದೆ: ಸಾಲಿನಲ್ಲಿ ಉಳಿದೆಲ್ಲಕ್ಕಿಂತ ಬೇರೆಯಾಗಿರುವುದು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ‘ಬೇರೆ’ ಎನ್ನುವುದು ಅಕ್ಕಪಕ್ಕದವರನ್ನು ಅವಲಂಬಿಸಿದ ಮಾತು. ನಿಮಗೆ ಮೆಚ್ಚುಗೆಯಾದ ಕಂದು ಬಣ್ಣ ಕಪಾಟಿನಲ್ಲಿ ಆಗಲೇ ಆರು ಬ್ರ್ಯಾಂಡಿನ ಮೈಮೇಲಿದ್ದರೆ ಅದು ನಿಮ್ಮ ಕೈಗೆ ಸಿಗುವ ಬಣ್ಣವಲ್ಲ. ಐದು ಅಂಗಡಿಗಳ ಕಪಾಟಿನ ಫೋಟೊ ತೆಗೆದು, ಫೋನಿನಲ್ಲೇ ಮಸುಕು ಮಾಡಿ ನೋಡಿ. ಬಣ್ಣದ ಗುಡ್ಡೆಗಳಷ್ಟೇ ಕಾಣುತ್ತವೆ. ಇಲ್ಲದ ಬಣ್ಣ ಯಾವುದೋ ಅದು ನಿಮ್ಮದು.

ಆರಿಸಿದ್ದು ಕೆಲಸ ಮಾಡುತ್ತಿದೆಯೇ ಎಂದು ಆರು ತಿಂಗಳಿಗೊಮ್ಮೆ ಪರೀಕ್ಷಿಸಿ. ಹೆಸರು ಅಳಿಸಿದ ಪ್ಯಾಕೆಟ್ಟಿನ ಚಿತ್ರವನ್ನು 50 ಜನರಿಗೆ ತೋರಿಸಿ, ಯಾವ ಬ್ರ್ಯಾಂಡ್ ಎಂದು ಕೇಳಿ. 28 ಮಂದಿ ಏನೋ ಒಂದು ಹೆಸರು ಹೇಳಿದರು, ಅದರಲ್ಲಿ 20 ನಿಮ್ಮದು ಎಂದಿಟ್ಟುಕೊಳ್ಳಿ. 50ರಲ್ಲಿ 20, ಅಂದರೆ ಶೇ 40, ಎಷ್ಟು ಜನಕ್ಕೆ ಗೊತ್ತು ಎಂಬುದರ ಅಳತೆ. 28ರಲ್ಲಿ 20, ಸುಮಾರು ಶೇ 71, ಎಷ್ಟರಮಟ್ಟಿಗೆ ನಿಮ್ಮದೇ ಎಂಬುದರ ಅಳತೆ. ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು ಇದ್ದರೆ ಚಿಂತೆಯಿಲ್ಲ, ಇನ್ನಷ್ಟು ಕಡೆ ಕಾಣುವಂತೆ ಮಾಡಿ. ಎರಡನೆಯದು ಶೇ 50ಕ್ಕಿಂತ ಕೆಳಗಿದ್ದರೆ ಜಾಹೀರಾತು ನಿಲ್ಲಿಸಿ, ಆ ಗುರುತನ್ನು ಬದಲಿಸಿ.

1916ರಲ್ಲಿ ಮೈಸೂರು ಸಂಸ್ಥಾನದಲ್ಲಿ ಶುರುವಾದ ಮೈಸೂರು ಸ್ಯಾಂಡಲ್ ಸಾಬೂನನ್ನು ಕಣ್ಣು ಮುಚ್ಚಿ ಕೈಗೆ ಕೊಟ್ಟರೂ ಹೇಳಬಹುದು: ಅಂಡಾಕಾರ, ಗಂಧದ ವಾಸನೆ. ಕಣ್ಣು ಬಿಟ್ಟರೆ ಸಿಂಹದ ಮೈ, ಆನೆಯ ತಲೆಯ ಶರಭ. ಟೈಟನ್ ಗಡಿಯಾರದ ಜಾಹೀರಾತು ಮೊಜಾರ್ಟ್‌ನ 25ನೇ ಸಿಂಫನಿಯ ತುಣುಕನ್ನು ವರ್ಷಗಟ್ಟಲೆ ನುಡಿಸಿತು. ಸಂಗೀತಗಾರನ ಹೆಸರು ಗೊತ್ತಿಲ್ಲದವರಿಗೂ ಅದು ಟೈಟನ್ ರಾಗ. ಹಾಲಿನ ಬೂತಿನಲ್ಲಿ ಜನ ಇಂದಿಗೂ ಬಣ್ಣ ಹೇಳಿಯೇ ನಂದಿನಿ ಪ್ಯಾಕೆಟ್ ಕೇಳುತ್ತಾರೆ.

ಇಂಥ ಗುರುತನ್ನು ಬೇಸರಕ್ಕೆ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ 2009ರ ಟ್ರಾಪಿಕಾನಾ ಉದಾಹರಣೆ ಸಾಕು. ಅಮೆರಿಕದಲ್ಲಿ ಆ ವರ್ಷದ ಜನವರಿಯಲ್ಲಿ ಡಬ್ಬದ ಮೇಲಿನ ಸ್ಟ್ರಾ ಚುಚ್ಚಿದ ಕಿತ್ತಳೆಯ ಚಿತ್ರ ತೆಗೆದು, ರಸ ತುಂಬಿದ ಲೋಟದ ಚಿತ್ರ ಹಾಕಿದರು. ಒಳಗಿನ ರಸ ಅದೇ. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ 20 ಕುಸಿದು, ಹಳೆಯ ಡಬ್ಬವನ್ನೇ ವಾಪಸು ತಂದರು. ದಿನವೂ ನೋಡುವ ಮಾಲೀಕರಿಗೆ ಪ್ಯಾಕೆಟ್ ಹಳೆಯದೆನಿಸುವ ಹೊತ್ತಿಗೆ ಗಿರಾಕಿಗೆ ಅದು ಈಗಷ್ಟೇ ಪರಿಚಯವಾಗಿರುತ್ತದೆ.

ಹಂತ 4: ರುಚಿ ಮತ್ತು ನಿರೀಕ್ಷೆ, ಎರಡನ್ನೂ ಬೇರೆ ಬೇರೆ ತೂಗಿ

ಕ್ಯಾಲ್‌ಟೆಕ್ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರ್, ಇನ್ನೊಮ್ಮೆ 90 ಡಾಲರ್ ಎಂದು ಹೇಳಿ ಕೊಟ್ಟರು. 90 ಎಂದಾಗ ಜನ ಹೆಚ್ಚು ಚೆನ್ನಾಗಿದೆ ಎಂದರು, ಹಿತದ ಅನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದಲ್ಲೂ ಚಟುವಟಿಕೆ ಹೆಚ್ಚಿತ್ತು. ನಿರೀಕ್ಷೆ ರುಚಿಯನ್ನೇ ಬದಲಿಸುತ್ತದೆ. ಹಾಗಾಗಿ ಪುಡಿಯ ಮಿಶ್ರಣ ಬದಲಿಸುವಾಗ ಹೆಸರು ಮುಚ್ಚಿದ ಪರೀಕ್ಷೆ ಕಡ್ಡಾಯ.

ಆಹಾರೋದ್ಯಮದಲ್ಲಿ ಬಳಸುವ ತ್ರಿಕೋನ ಪರೀಕ್ಷೆ ಇದಕ್ಕೆ ಸರಿ. 80:20 ಪುಡಿಯನ್ನು 70:30 ಮಾಡಿದರೆ, ಅಂದರೆ ಚಿಕೋರಿ ಶೇ 20ರಿಂದ 30ಕ್ಕೆ ಏರಿದರೆ, ಗಿರಾಕಿಗೆ ತಿಳಿಯುತ್ತದೆಯೇ ಎಂದು ನೋಡಬೇಕು ಎಂದುಕೊಳ್ಳಿ. ಪ್ರತಿಯೊಬ್ಬರಿಗೂ ಮೂರು ಲೋಟ: ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಬೇರೆ ಯಾವುದು ಎಂದು ಅವರು ಹೇಳಬೇಕು. 30 ಜನರಿಗೆ 90 ಲೋಟ, ಎರಡೂ ಪುಡಿಗೆ 45ರಂತೆ. ಲೋಟಕ್ಕೆ 20 ಮಿ.ಲೀ. ಡಿಕಾಕ್ಷನ್, 40 ಮಿ.ಲೀ. ಹಾಲು. ಪ್ರತಿ ಪುಡಿಯಿಂದ 900 ಮಿ.ಲೀ. ಡಿಕಾಕ್ಷನ್ ಬೇಕು. 30 ಗ್ರಾಂಗೆ 200 ಮಿ.ಲೀ. ಕುದಿನೀರಿನ ಲೆಕ್ಕದಲ್ಲಿ ಸುಮಾರು 200 ಗ್ರಾಂ ಪುಡಿ ಹಿಡಿಯುತ್ತದೆ. ಸಕ್ಕರೆ ಹಾಕುವುದಾದರೆ ಎಲ್ಲಕ್ಕೂ ತೂಗಿ ಒಂದೇ ಪ್ರಮಾಣ ಹಾಕಿ.

ಲೋಟಗಳ ಮೇಲೆ ಎ, ಬಿ ಎಂದು ಬರೆಯಬೇಡಿ, ಎ ಎಂದರೆ ಮೊದಲನೆಯದು, ಉತ್ತಮವಾದದ್ದು ಎಂಬ ಭಾವನೆ ತಾನಾಗಿ ಬರುತ್ತದೆ. 417, 852 ಮುಂತಾದ ಮೂರಂಕಿ ಹಾಕಿ. ಲೋಟಗಳನ್ನಿಡುವ ಕ್ರಮ ಆರು ಬಗೆಯಲ್ಲಿ ಬರುತ್ತದೆ. ಒಂದೊಂದು ಕ್ರಮ ಐದೈದು ಜನರಿಗೆ ಬರಲಿ. ಆರಾರು ಜನರ ತಂಡ ಮಾಡಿ, ಇಲ್ಲದಿದ್ದರೆ ಕೊನೆಯವರ ಕಾಫಿ ಆರಿಹೋಗಿ ಅವರು ರುಚಿಯ ಬದಲು ಬಿಸಿಯನ್ನು ಹೋಲಿಸುತ್ತಾರೆ. ನಡುನಡುವೆ ಬೆಚ್ಚಗಿನ ನೀರು ಕೊಡಿ.

ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಬ್ಬರ ಉತ್ತರ ಸರಿಯಾಗುತ್ತದೆ, ಅಂದರೆ 30ರಲ್ಲಿ 10. ಸರಿ ಹೇಳಿದವರು 15 ಅಥವಾ ಹೆಚ್ಚಿದ್ದರೆ ವ್ಯತ್ಯಾಸ ನಿಜವಾಗಿ ತಿಳಿಯುತ್ತಿದೆ. 11, 12 ಬಂದರೆ ತಿಳಿಯುತ್ತಿದೆ ಎನ್ನಲು ಆಧಾರವಿಲ್ಲ.

ಇದಾದ ಮೇಲೆ ಒಂದು ದಿನ ಹೆಸರು ಮುಚ್ಚಿ ಕುಡಿಸಿ, ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿ. ಇನ್ನೊಂದು ದಿನ ಪ್ಯಾಕೆಟ್ ತೋರಿಸಿ ಕುಡಿಸಿ, ಅದೇ ಪ್ರಶ್ನೆ ಕೇಳಿ. ಎರಡು ಅಂಕಗಳನ್ನೂ ಹೋಲಿಸಿ. ಪ್ಯಾಕೆಟ್ ಕಂಡಾಗ ಅಂಕ ಏರಿದರೆ ನಿಮ್ಮ ಬ್ರ್ಯಾಂಡ್ ರುಚಿಗೆ ಕೂಡಿಸುತ್ತಿದೆ. ಇಳಿದರೆ ಪುಡಿ ಚೆನ್ನಾಗಿದ್ದೂ ಪ್ಯಾಕೆಟ್ ಅದನ್ನು ಹಾಳುಮಾಡುತ್ತಿದೆ.

ಹಾಗಾದರೆ ನಿರೀಕ್ಷೆಯನ್ನು ಆಕಾಶಕ್ಕೇರಿಸಿಬಿಡಬಹುದಲ್ಲ ಎಂದು ಯೋಚಿಸುವವರಿಗೆ, ಮಿದುಳಿನ ನರಕೋಶಗಳು ಸಂದೇಶ ಸಾಗಿಸಲು ಬಳಸುವ ಡೊಪಮೈನ್ ಎಂಬ ರಾಸಾಯನಿಕದ ಬಗ್ಗೆ ಒಂದು ಮಾತು. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಮತ್ತು ಸಹೋದ್ಯೋಗಿಗಳು ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಮಾಡಿದ ಪ್ರಯೋಗಗಳ ಆಧಾರದ ಮೇಲೆ 1997ರಲ್ಲಿ ಹೇಳಿದ್ದು ಇದು: ಡೊಪಮೈನ್ ನರಕೋಶಗಳು ನಿರೀಕ್ಷೆಗಿಂತ ಹೆಚ್ಚು ಸಿಕ್ಕಾಗ ಚುರುಕಾಗುತ್ತವೆ, ನಿರೀಕ್ಷಿಸಿದಷ್ಟೇ ಸಿಕ್ಕರೆ ಸುಮ್ಮನಿರುತ್ತವೆ, ನಿರೀಕ್ಷಿಸಿದ್ದು ಸಿಗದಿದ್ದರೆ ಮಾಮೂಲಿಗಿಂತಲೂ ಕೆಳಗಿಳಿಯುತ್ತವೆ. ಪ್ಯಾಕೆಟ್ ಮೇಲೆ ತೋಟದ ಚಿತ್ರ, ‘ಅಪ್ಪಟ ಪೀಬೆರಿ’ಯ (ಒಂಟಿ ಬೀಜದ ದುಂಡು ಕಾಫಿ) ಗತ್ತು ಹಾಕಿ, ಒಳಗೆ ಶೇ 40 ಚಿಕೋರಿ ತುಂಬಿದರೆ ಮೊದಲ ಗುಟುಕಿಗೇ ಆ ಕೆಳಗಿಳಿತ ಕಾದಿರುತ್ತದೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಎರಡರ ಪ್ರಮಾಣವನ್ನೂ ಲೇಬಲ್ ಮೇಲೆ ನಮೂದಿಸಬೇಕು ಎಂಬುದು ಆಹಾರ ಸುರಕ್ಷತೆಯ ನಿಯಮ. ಅದನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಡಗಿಸದೆ ಮುಂದೆಯೇ ‘80:20’ ಎಂದು ದೊಡ್ಡದಾಗಿ ಹಾಕಿ. ಕಾಫಿಪುಡಿ ಅಂಗಡಿಯಲ್ಲಿ ಜನ ಕೇಳುವುದೂ ಹಾಗೆಯೇ.

ಹಂತ 5: ಬೆಲೆ ಮತ್ತು ಪ್ಯಾಕೆಟ್ಟಿನ ಅಳತೆ

ಎಷ್ಟು ಬಗೆ ಇಡಬೇಕು? ಈ ಪ್ರಶ್ನೆಗೆ ಎಲ್ಲರೂ ಉದಾಹರಿಸುವುದು 2000ದಲ್ಲಿ ಪ್ರಕಟವಾದ ಜಾಮ್ ಪ್ರಯೋಗವನ್ನು. ಕ್ಯಾಲಿಫೋರ್ನಿಯಾದ ಅಂಗಡಿಯೊಂದರಲ್ಲಿ 24 ಬಗೆ ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ಶೇ 3, ಆರು ಬಗೆ ಇಟ್ಟಾಗ ಶೇ 30 ಜನ ಕೊಂಡರು. ಆದರೆ 2010ರಲ್ಲಿ ಇಂಥ ಹಲವಾರು ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು. ಆಯ್ಕೆ ಹೆಚ್ಚಾದರೆ ಯಾವಾಗಲೂ ಮಾರಾಟ ಬೀಳುತ್ತದೆ ಎನ್ನುವ ಸಲಹೆಗಾರರನ್ನು ನಂಬಬೇಡಿ. ಮೂರು ಮಿಶ್ರಣಗಳಿಂದ ಶುರುಮಾಡಿ ಎನ್ನುವುದು ನಮ್ಮ ಸಲಹೆ. ಅದಕ್ಕೆ ಕಾರಣ ದಾಸ್ತಾನು. ಪುಡಿ ಮಾಡಿದ ಕಾಫಿಯ ಘಮ ಬೇಗ ಹೋಗುತ್ತದೆ, ಎಂಟು ಬಗೆ ಇಟ್ಟರೆ ಐದು ಹಳಸುತ್ತಾ ಕೂರುತ್ತವೆ.

ಬೆಲೆ ಏರಿಸುವ ಬದಲು 200 ಗ್ರಾಂ ಪ್ಯಾಕೆಟ್ಟನ್ನು 180 ಗ್ರಾಂ ಮಾಡುವ ಉಪಾಯ ಹಲವರಿಗೆ ಹೊಳೆಯುತ್ತದೆ. ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ ಎಂಬ ಲೆಕ್ಕ. ಪ್ಯಾಕೆಟ್ ಕಣ್ಣಿಗೆ ಕಾಣದೆ ಹೋದೀತು, ಅಡುಗೆಮನೆಯ ಡಬ್ಬಿಗೆ ಕಾಣುತ್ತದೆ. ವರ್ಷಗಳಿಂದ ಅದೇ ಸ್ಟೀಲ್ ಡಬ್ಬಿಗೆ ಪ್ಯಾಕೆಟ್ ಕತ್ತರಿಸಿ ಸುರಿಯುವವರಿಗೆ ಪುಡಿ ಕಂಠದ ಗೆರೆಗೆ ಬರಲಿಲ್ಲ ಎನ್ನುವುದು ಒಂದೇ ಸಲಕ್ಕೆ ತಿಳಿಯುತ್ತದೆ. ಮನೋವಿಜ್ಞಾನಿಗಳಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ತೋರಿಸಿದಂತೆ, ಅಷ್ಟೇ ಪ್ರಮಾಣದ ಲಾಭಕ್ಕಿಂತ ನಷ್ಟ ಹೆಚ್ಚು ಚುಚ್ಚುತ್ತದೆ. ಈಗಂತೂ ಪ್ಯಾಕೆಟ್ಟಿನ ಮೇಲೆ ಗ್ರಾಂಗೆ ಎಷ್ಟು ಎಂಬ ದರವನ್ನೂ ಅಚ್ಚು ಹಾಕಬೇಕು. ಬೆಲೆ ಏರಿಸಲೇಬೇಕಾದರೆ ಬೀಜದ ದರ ಏರಿದೆ ಎಂದು ಚೀಟಿ ಹಾಕಿ ನೇರವಾಗಿ ಏರಿಸಿ, ತೂಕ ಮುಟ್ಟಬೇಡಿ.

ಹಂತ 6: ಯಾವಾಗ ಮತ್ತೆ ನೆನಪಿಸಬೇಕು

ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದಂತೆ, ಮರೆವು ಮೊದಮೊದಲು ಬೇಗ, ಆಮೇಲೆ ನಿಧಾನ. ಒಂದೇ ದಿನ ಹತ್ತು ಸಲ ಹೇಳುವುದಕ್ಕಿಂತ ಅಂತರ ಬಿಟ್ಟು ನಾಲ್ಕು ಸಲ ಹೇಳುವುದು ಹೆಚ್ಚು ಉಳಿಯುತ್ತದೆ. ದಸರೆಯ ಒಂದೇ ವಾರದಲ್ಲಿ ಜಾಹೀರಾತಿನ ದುಡ್ಡೆಲ್ಲ ಖರ್ಚು ಮಾಡುವ ಅಭ್ಯಾಸ ಬಿಡಿ.

ಕಾಫಿಪುಡಿಗೆ ಅಂತರದ ಲೆಕ್ಕ ಡಬ್ಬಿಯೇ ಹೇಳುತ್ತದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 30 ಗ್ರಾಂ ಎಂದರೆ 500 ಗ್ರಾಂ 16-17 ದಿನಕ್ಕೆ ಮುಗಿಯುತ್ತದೆ. ವಾಟ್ಸ್‌ಆ್ಯಪ್ ಸಂದೇಶ 13 ಅಥವಾ 14ನೇ ದಿನ ಹೋಗಲಿ. ಐದನೇ ದಿನ ಹೋದರೆ ಕಿರಿಕಿರಿ, ಇಪ್ಪತ್ತನೇ ದಿನ ಹೋಗುವಷ್ಟರಲ್ಲಿ ಪಕ್ಕದ ಅಂಗಡಿಯ ಪುಡಿ ಮನೆ ಸೇರಿರುತ್ತದೆ. ಪ್ರತಿ ಮನೆಯ ಲೆಕ್ಕ ಬೇರೆ, ಮೂರು ಖರೀದಿಯ ದಿನಾಂಕ ನೋಡಿ ಸರಾಸರಿ ತೆಗೆಯಿರಿ. ಸಂದೇಶದಲ್ಲಿ ಪ್ಯಾಕೆಟ್ಟಿನ ಬಣ್ಣ, ಹೆಸರು ಎರಡೂ ಕಾಣಲಿ.

ದಾಟಬಾರದ ಗೆರೆ

“ಇನ್ನು ಎರಡೇ ಪ್ಯಾಕೆಟ್ ಉಳಿದಿವೆ” ಎಂಬ ಸುಳ್ಳು, ಕೇಳದೆಯೇ ಬುಟ್ಟಿಗೆ ಸೇರುವ ಸರಕು, ರದ್ದು ಮಾಡಲು ದಾರಿಯೇ ಕಾಣದ ಚಂದಾ, ಇವೆಲ್ಲ ಮನೋವಿಜ್ಞಾನದ ಹೆಸರಿನಲ್ಲೇ ಮಾರಾಟವಾಗುವ ತಂತ್ರಗಳು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಆನ್‌ಲೈನ್ ಮಾರುವವರು ಆ ಪಟ್ಟಿಯನ್ನು ಒಮ್ಮೆ ಓದಿ ತಮ್ಮ ಜಾಲತಾಣಕ್ಕೆ ಹೋಲಿಸಿಕೊಳ್ಳಲಿ. ನೀವೇ ಬರೆಸದಿದ್ದರೂ ಜಾಲತಾಣ ಮಾಡಿಕೊಟ್ಟವರು ಸಿದ್ಧ ಮಾದರಿಯಿಂದ ತಂದು ಸೇರಿಸಿರಬಹುದು.

ಇದನ್ನೇ ಉದ್ಯೋಗ ಮಾಡಿಕೊಳ್ಳುವವರಿಗೆ

ಕೆಲಸಗಳು ಹಲವು ಹೆಸರಿನಲ್ಲಿವೆ: ಕನ್ಸ್ಯೂಮರ್ ಇನ್‌ಸೈಟ್ಸ್, ಯುಎಕ್ಸ್ ರಿಸರ್ಚ್ (ಆ್ಯಪ್, ಜಾಲತಾಣ ಬಳಸುವವರ ಅನುಭವದ ಅಧ್ಯಯನ), ಬ್ರ್ಯಾಂಡ್ ಸ್ಟ್ರಾಟಜಿ, ಸೆನ್ಸರಿ ಅನಾಲಿಸಿಸ್ (ರುಚಿ, ವಾಸನೆಗಳ ಪರೀಕ್ಷೆ). ‘ನ್ಯೂರೋ’ ಎಂಬ ಪದವಿರುವ ಹುದ್ದೆಗಳು ಬಹಳ ಕಡಿಮೆ. ಅದನ್ನೇ ಹುಡುಕುತ್ತಾ ಕೂರಬೇಡಿ. ಓದಬೇಕೆನ್ನುವವರಿಗೆ ಐಐಟಿ ಗಾಂಧಿನಗರ, ಅಲಹಾಬಾದ್ ವಿಶ್ವವಿದ್ಯಾಲಯ, ಹೈದರಾಬಾದಿನ ಟ್ರಿಪಲ್ ಐಟಿಗಳಲ್ಲಿ ಕಾಗ್ನಿಟಿವ್ ಸೈನ್ಸ್ (ಮನಸ್ಸು, ಮಿದುಳು ಕೆಲಸ ಮಾಡುವ ಬಗೆಯ ವಿಜ್ಞಾನ) ಕಲಿಯುವ ಅವಕಾಶವಿದೆ. ರುಚಿ ಪರೀಕ್ಷೆಯ ಕಡೆ ಒಲವಿದ್ದರೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ, ಕಾಫಿ ಗುಣಮಟ್ಟ ಕಲಿಯಲು ಬೆಂಗಳೂರಿನ ಕಾಫಿ ಮಂಡಳಿಯ ತರಬೇತಿಗಳಿವೆ. ಪ್ರಯೋಗ ಕಟ್ಟಲು ಸೈಕೋಪೈ, ಲೆಕ್ಕಕ್ಕೆ ಜಮೋವಿ ಎಂಬ ತಂತ್ರಾಂಶಗಳು ಉಚಿತ. ದಿನಕ್ಕೊಂದು ಗಂಟೆಯಂತೆ ಮೂರು ತಿಂಗಳು ಕೂತರೆ ಸಾಮಾನ್ಯ ಕೆಲಸಕ್ಕೆ ಬೇಕಾದಷ್ಟು ಕೈಗೆ ಹತ್ತುತ್ತದೆ.

ಯಂತ್ರಗಳ ಮಿತಿ ಗೊತ್ತಿರಲಿ. ಇಇಜಿ, ಅಂದರೆ ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಅಳೆಯುವ ಯಂತ್ರ, ಚಟುವಟಿಕೆ ಯಾವಾಗ ಎಂಬುದನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಹೇಳುತ್ತದೆ, ಮಿದುಳಿನಲ್ಲಿ ಎಲ್ಲಿ ಎಂಬುದನ್ನು ಸರಿಯಾಗಿ ಹೇಳಲಾರದು. ಎಫ್‌ಎಂಆರ್‌ಐ ಎಲ್ಲಿ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಅದು ನೋಡುವುದು ರಕ್ತದ ಹರಿವನ್ನು. ಆ ಸಂಕೇತ ಶಿಖರಕ್ಕೇರಲು ಐದಾರು ಸೆಕೆಂಡು ಹಿಡಿಯುತ್ತದೆ. ಕಣ್ಣಿನ ಚಲನೆ ಹಿಡಿಯುವ ಯಂತ್ರ ಎಲ್ಲಿ ನೋಡಿದರು ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಅರ್ಥವಾಗದ ಅಕ್ಷರವನ್ನೂ ಜನ ಹೆಚ್ಚು ಹೊತ್ತು ನೋಡುತ್ತಾರೆ. “ಮಿದುಳಿನ ಈ ಭಾಗ ಬೆಳಗಿತು, ಆದ್ದರಿಂದ ಗಿರಾಕಿಗೆ ಪ್ರೀತಿ ಹುಟ್ಟಿದೆ” ಎಂಬ ತರ್ಕ ಯಾಕೆ ದುರ್ಬಲ ಎಂದು ನರವಿಜ್ಞಾನಿ ರಸೆಲ್ ಪೋಲ್‌ಡ್ರಾಕ್ 2006ರಲ್ಲಿ ವಿವರವಾಗಿ ಬರೆದರು: ಒಂದೇ ಭಾಗ ಹತ್ತಾರು ಕೆಲಸಗಳಲ್ಲಿ ಬೆಳಗುತ್ತದೆ. 2009ರಲ್ಲಿ ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟ ಸಂಶೋಧಕರು, ಸಾವಿರಾರು ಜಾಗಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಆಕಸ್ಮಿಕವಾಗಿ ಬರುವ ತಪ್ಪು ಫಲಗಳನ್ನು ಲೆಕ್ಕದಲ್ಲಿ ಸರಿಪಡಿಸದಿದ್ದರೆ ಅದರ ಮಿದುಳಲ್ಲೂ ‘ಚಟುವಟಿಕೆ’ ಕಾಣುತ್ತದೆ ಎಂದು ತೋರಿಸಿದರು. ಈ ಎರಡು ಪ್ರಬಂಧಗಳನ್ನು ಓದಿ ಅರಗಿಸಿಕೊಂಡ ಅಭ್ಯರ್ಥಿ ಸಂದರ್ಶನದಲ್ಲಿ ಬೇಗ ಎದ್ದು ಕಾಣುತ್ತಾರೆ. ಎಡ ಮಿದುಳು ತರ್ಕಕ್ಕೆ ಬಲ ಮಿದುಳು ಕಲೆಗೆ, ಕೊಳ್ಳುವ ತೀರ್ಮಾನ ‘ಸರೀಸೃಪ ಮಿದುಳಿ’ನದು, ಡೊಪಮೈನ್ ಎಂದರೆ ಸುಖದ ರಾಸಾಯನಿಕ ಎಂಬ ಮಾತುಗಳನ್ನಂತೂ ಆಡಲೇಬೇಡಿ.

ಕನ್ನಡ ಬಲ್ಲವರಿಗೆ ಈ ಕ್ಷೇತ್ರದಲ್ಲಿ ಇರುವ ಬಲವನ್ನು ಅವರೇ ಕಡಿಮೆ ಎಣಿಸುತ್ತಾರೆ. ಇಂಗ್ಲಿಷಿನಲ್ಲಿ ಮಾಡಿದ ಪ್ರಶ್ನಾವಳಿಯನ್ನು ಪದಕ್ಕೆ ಪದ ಇಟ್ಟು ಕನ್ನಡಿಸಿ ಊರಿಗೆ ಒಯ್ದಾಗ ಏನಾಗುತ್ತದೆ ನೋಡಿ. “ಸೊನ್ನೆಯಿಂದ ಹತ್ತರಲ್ಲಿ, ಈ ಕಾಫಿಯನ್ನು ನಿಮ್ಮ ಸ್ನೇಹಿತರಿಗೆ ಶಿಫಾರಸು ಮಾಡುವ ಸಾಧ್ಯತೆ ಎಷ್ಟು?” ಎಂದರೆ ತರೀಕೆರೆಯ ಗೃಹಿಣಿ “ಪರವಾಗಿಲ್ಲ” ಎನ್ನುತ್ತಾರೆ. ದತ್ತಾಂಶ ತುಂಬುವವರು ಅದಕ್ಕೆ ಐದು ಅಂಕ ಹಾಕುತ್ತಾರೆ. ಆದರೆ ನಮ್ಮಲ್ಲಿ ‘ಪರವಾಗಿಲ್ಲ’ ಎನ್ನುವುದು ಹೇಳುವ ಧಾಟಿಯ ಮೇಲೆ ನಾಲ್ಕೂ ಆಗಬಹುದು, ಎಂಟೂ ಆಗಬಹುದು. ಎಳೆದು “ಪರವಾಗಿಲ್ವೇ!” ಎಂದರೆ ಅದು ಮೆಚ್ಚುಗೆ. “ಪರವಾಗಿಲ್ಲ ಬಿಡಿ” ಎಂದರೆ ಮುಂದಿನ ಸಲ ಕೊಳ್ಳುವುದಿಲ್ಲ. “ನೋಡೋಣ” ಎನ್ನುವುದು ಬಹುಪಾಲು ಇಲ್ಲ. ಅಂಕ ಕೇಳುವ ಬದಲು ನಡೆದದ್ದನ್ನು ಕೇಳಬೇಕು:

“ಅಮ್ಮಾ, ಹೋದ ತಿಂಗಳು ನೆಂಟರು ಬಂದಾಗ ಯಾವ ಪುಡಿ ಹಾಕಿದ್ರಿ?”

“ಅದು ಬೇರೆ ಇದೆ, ಮೇಲ್ಗಡೆ ಡಬ್ಬೀಲಿ. ಇದು ನಮಗೆ ದಿನಾ ಕುಡಿಯೋಕೆ.”

ಈ ಒಂದು ಉತ್ತರದಲ್ಲಿ ಎರಡು ಡಬ್ಬಿ, ಎರಡು ಸಂದರ್ಭ, ಎರಡು ಬೆಲೆ ಇವೆ. ಸೊನ್ನೆಯಿಂದ ಹತ್ತರ ಪಟ್ಟಿಗೆ ಇದು ಸಿಗುತ್ತಿರಲಿಲ್ಲ.

ಅರ್ಜಿಯ ಜೊತೆ ಪ್ರಮಾಣಪತ್ರಗಳ ಕಟ್ಟಿಗಿಂತ ಮೂರು ಸಣ್ಣ ಅಧ್ಯಯನ ಕಳಿಸಿ, ಒಂದೊಂದೂ ಎರಡು ಪುಟ ಮೀರದಿರಲಿ. ಹಂತ 1ರ ನೆನಪಿನ ಎಣಿಕೆ, ಹಂತ 3ರ ಹೆಸರು ಅಳಿಸಿದ ಪ್ಯಾಕೆಟ್ಟಿನ ಪರೀಕ್ಷೆ, ಹಂತ 4ರ ತ್ರಿಕೋನ ಪರೀಕ್ಷೆ ಇದಕ್ಕೆ ಸರಿಹೋಗುತ್ತವೆ. ನಿಮ್ಮ ಬೀದಿಯ ಕಾಫಿಪುಡಿ ಅಂಗಡಿಯವರನ್ನು ಕೇಳಿಕೊಂಡರೆ ಪುಡಿ ಕೊಡುತ್ತಾರೆ, ಪ್ರತಿಯಾಗಿ ವರದಿಯ ಒಂದು ಪ್ರತಿ ಅವರಿಗೆ ಕೊಡಿ. ಪ್ರತಿ ಅಧ್ಯಯನದಲ್ಲಿ ಪ್ರಶ್ನೆ ಏನು, ಎಷ್ಟು ಜನ, ಏನು ಬಂತು, ಅಂಗಡಿಯವರು ಸೋಮವಾರ ಬೆಳಗ್ಗೆ ಏನು ಬದಲಿಸಬೇಕು ಎಂಬ ನಾಲ್ಕು ಭಾಗ ಇರಲಿ. ಐದನೆಯದಾಗಿ, ಪರೀಕ್ಷೆಯಲ್ಲಿ ಏನು ತಪ್ಪಾಯಿತು ಎಂದೂ ಬರೆಯಿರಿ: ಹಾಲು ಆರಿತ್ತು, ಇಬ್ಬರು ಒಬ್ಬರನ್ನೊಬ್ಬರು ನೋಡಿ ಉತ್ತರಿಸಿದರು, ಸಂಖ್ಯೆ ಬರೆದ ಚೀಟಿ ಲೋಟದಿಂದ ಕಿತ್ತುಬಂತು. ಸಂದರ್ಶನ ಮಾಡುವವರು ಅನುಭವಸ್ಥರಾಗಿದ್ದರೆ ಮೊದಲು ಆ ಭಾಗವನ್ನೇ ಓದಿ, ಅಲ್ಲಿಂದಲೇ ಪ್ರಶ್ನೆ ಶುರುಮಾಡುತ್ತಾರೆ.